ಅರ್ಧ ಕೆರೆದ ಗೋಡೆಗಳು

ನನ್ನ ಗಂಡನಿಗೆ ಒಂದು ಕಾಯಿಲೆಯಿದೆ. ಯಾರನ್ನೇ ಕೆಲಸಕ್ಕೆ ಕರೆಯಲಿ, ಕೆಲಸ ಬರುತ್ತದೆಯೇ ಎಂದು ಕೇಳುವುದಿಲ್ಲ. ಯಾವ ಊರು ಎಂದು ಕೇಳುತ್ತಾರೆ. ಪ್ಲಂಬರ್ ಹಾವೇರಿಯವನು ಅಂದರೆ ನಲ್ಲಿ ಸೋರಿದರೂ ಪರವಾಗಿಲ್ಲ. ಎಲೆಕ್ಟ್ರಿಷಿಯನ್ ರಾಣೆಬೆನ್ನೂರಿನವನು ಅಂದರೆ ಫ್ಯೂಸ್ ಹಾರಿದರೂ ಪರವಾಗಿಲ್ಲ. ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ನಮ್ಮ ಪುಟ್ಟ ಮನೆಯಲ್ಲಿ ನೆಟ್ಟಗೆ ಮುಚ್ಚಿಕೊಳ್ಳುವ ಬಾಗಿಲು ಒಂದೂ ಇರಲಿಲ್ಲ. ಬಡಗಿ ಹಿರೇಕೆರೂರಿನವನು.

ಪೇಂಟಿಂಗ್ ಕಾಂಟ್ರಾಕ್ಟರ್ ಭರಮಪ್ಪ ಸಿಕ್ಕಿದ್ದೂ ಹಾಗೆಯೇ. ತೊಂಬತ್ತಾರನೇ ಇಸವಿ, ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಾದಿನಿ ರಕ್ಷಿತಾಳ ನಿಶ್ಚಿತಾರ್ಥವನ್ನು ನಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು. ಗಂಡಿನವರು ರಾಜಾಜಿನಗರದವರು, ಬ್ಯಾಡಗಿಯವರೆಗೆ ಬಂದು ಹೋಗುವುದು ಅವರಿಗೆ ಕಷ್ಟ. ನಮ್ಮ ಗೋಡೆಗಳ ಮೇಲೆ ಗೃಹಪ್ರವೇಶಕ್ಕೆ ಹೊಡೆಸಿದ ಸುಣ್ಣವೇ ಇನ್ನೂ ಇತ್ತು. ಒರಗಿದವರ ಬೆನ್ನಿಗೆಲ್ಲ ಹತ್ತುತ್ತಿತ್ತು. ಅದನ್ನೆಲ್ಲ ಕೆರೆಸಿ ಡಿಸ್ಟೆಂಪರ್ ಮಾಡಿಸಬೇಕೆಂದು ಇವರು ಪೇಂಟ್ ಅಂಗಡಿಯ ಮುಂದೆ ವಿಚಾರಿಸುತ್ತಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಿವಿಯ ಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಹತ್ತಿರ ಬಂದನಂತೆ. ಇವರು ಊರು ಕೇಳಿದರಂತೆ. ಅವನು ಇವರ ಮಾತಿನ ಧಾಟಿಯನ್ನು ಚೂರು ಕೇಳಿಸಿಕೊಂಡು, "ನಮ್ಮದು ಬ್ಯಾಡಗಿ ಕಡೀರಿ" ಎಂದನಂತೆ. ಅಲ್ಲಿಗೆ ಮುಗಿಯಿತು.

"ನಮ್ಮ ಕಡಿಯವನ ಸಿಕ್ಕಾನ ನಿವೇದಿತಾ," ಎಂದು ಇವರು ಚಪ್ಪಲಿ ಬಿಡುವ ಮೊದಲೇ ಕೂಗಿದರು.

"ಅವನು ಬಣ್ಣ ಹೊಡೆದಿರೋ ಮನೆ ಒಂದಾದ್ರೂ ನೋಡಿದ್ರಾ?"

"ಬ್ಯಾಡಗಿಯವ ಅದೀನಿ ಅಂದ್ನಲ್ಲ."

ನಾನು ತಿಪಟೂರಿನವಳು. ತಿಪಟೂರಿನಲ್ಲೂ ಕಳ್ಳರಿದ್ದಾರೆ ಎಂದು ಒಪ್ಪಿಕೊಳ್ಳುವಷ್ಟು ಬುದ್ಧಿ ನನಗಿದೆ. ಆದರೆ ಅಂದು ನಾನು ರೇಗಿದ್ದು ಊರಿನ ವಿಷಯಕ್ಕಲ್ಲ. ಮನೆಗೆ ಬಣ್ಣ ಎಂಬ ಮಾತೇ ನನಗೆ ಬೇಡವಾಗಿತ್ತು, ಯಾಕೆಂದರೆ ನಾನು ಬಸುರಿಯಾಗಿದ್ದೆ. ಎರಡು ಬಸಿರು ನಿಲ್ಲದೆ ಹೋದ ಮೇಲೆ ಇದು ಮೂರನೆಯದು. ಜಾಲಹಳ್ಳಿಯ ಡಾಕ್ಟರಮ್ಮನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಈ ಮನುಷ್ಯ ಕೈಯಲ್ಲಿದ್ದ ಕಾಫಿ ಲೋಟವನ್ನೂ ಇಡದೆ ಎಸ್‌ಟಿಡಿ ಬೂತಿಗೆ ಓಡಿ ಬ್ಯಾಡಗಿಗೆ ಫೋನು ಮಾಡುತ್ತಿದ್ದರು.

ಮೊದಲ ಸಲ ಹಾಗೆಯೇ ಆಗಿತ್ತು. ಸುದ್ದಿ ಕೇಳಿದ ಅತ್ತೆ ಚನ್ನಬಸಮ್ಮ ಬ್ಯಾಡಗಿಯ ಓಣಿಗೆಲ್ಲ ಸಕ್ಕರೆ ಹಂಚಿದರು. ಸ್ವಾಮಿಗಳ ಮಠಕ್ಕೆ ಹೇಳಿದರು, ಬಳೆಗಾರನಿಗೆ ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದರು. ಆಮೇಲೆ ಅದು ಹೋಯಿತು. ನಮ್ಮನ್ನು ನೋಡಲು ಬಂದ ಅತ್ತೆ ನಡುಮನೆಯ ಗೋಡೆಯ ಮೇಲೆ ಹೊಸದಾಗಿ ಹೊಡೆದ ಮೊಳೆಯನ್ನು ಕಂಡರು. ನಮ್ಮ ಮದುವೆಯ ಫೋಟೊ ತೂಗುಹಾಕಲು ಇವರು ಹೊಡೆದಿದ್ದ ಮೊಳೆ. "ಬಸುರಿ ಇರೋ ಮನಿಯಾಗ ಗ್ವಾಡಿಗೆ ಮೊಳಿ ಹೊಡೀತಾರೇನ?" ಎಂದು ಮಗನನ್ನು ಬೈದು, ಮೊಳೆಯನ್ನು ಕೈಯಾರೆ ಕಿತ್ತರು. ನಾನು ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗೋಡೆಯ ಮೊಳೆಗೂ ನನ್ನ ಹೊಟ್ಟೆಗೂ ಏನು ಸಂಬಂಧ ಎಂದು ಜಗಳಕ್ಕೆ ನಿಂತೆ. ಎರಡನೇ ಸಲ ಮೊಳೆಯೂ ಇರಲಿಲ್ಲ, ಆದರೂ ಉಳಿಯಲಿಲ್ಲ. ಆಗ ಅತ್ತೆ ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆ ನನ್ನನ್ನು ಮೊಳೆಗಿಂತ ಹೆಚ್ಚು ಚುಚ್ಚಿತು.

ಈ ಸಲ ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡುವುದಿಲ್ಲ ಎಂದು ನಾನು ನನಗೇ ಆಣೆ ಹಾಕಿಕೊಂಡಿದ್ದೆ. ಹೋದರೆ ನನ್ನೊಬ್ಬಳಿಂದಲೇ ಹೋಗಲಿ. ಸಕ್ಕರೆ ತಿಂದವರೆಲ್ಲ ಮತ್ತೆ ಬಂದು ಕುರ್ಚಿಯ ಮೇಲೆ ಕೂತು ನಿಟ್ಟುಸಿರು ಬಿಡುವುದನ್ನು ನನ್ನಿಂದ ಇನ್ನೊಮ್ಮೆ ನೋಡಲಾಗುತ್ತಿರಲಿಲ್ಲ. ನಿಶ್ಚಿತಾರ್ಥದ ಮನೆಯಲ್ಲಂತೂ ಆ ಸುದ್ದಿ ಖಂಡಿತ ಬೇಡವಾಗಿತ್ತು.

ಅತ್ತೆ ಮತ್ತು ರಕ್ಷಿತಾ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ, ರೊಟ್ಟಿಯ ಗಂಟಿನ ಸಮೇತ ಬಂದಿಳಿದರು. ಮರುದಿನ ಬೆಳಿಗ್ಗೆ ಭರಮಪ್ಪ ಇಬ್ಬರು ಆಳುಗಳೊಂದಿಗೆ ಬಂದ. ಅವನ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮಂತ್ರಿಯೊಬ್ಬರ ಮನೆಗೆ ತಾನೇ ಬಣ್ಣ ಹೊಡೆದಿದ್ದು, ಗೋಡೆಯಲ್ಲಿ ಮುಖ ನೋಡಿಕೊಂಡು ಅವರು ಮೀಸೆ ತೀಡಿದ್ದು, ಎಲ್ಲ ಕತೆ ಆಯಿತು. ಶೇಡ್ ಕಾರ್ಡ್ ಬಿಚ್ಚಿ ರಕ್ಷಿತಾಳಿಂದ ತೆಳು ಗುಲಾಬಿ ಆರಿಸಿದ. ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಇದನ್ನ ಪೂರ್ತಿ ಕೆರೀಬೇಕ್ರಿ, ಲಪ್ಪ ಹಾಕಬೇಕು, ಉಪ್ಪುಕಾಗದ ತಿಕ್ಕಬೇಕು" ಎಂದ. ಲಪ್ಪ ಎಂದರೆ ಗೋಡೆಯ ಗುಳಿಗಳನ್ನು ತುಂಬಲು ಬಳಿಯುವ ಅಂಟಿನಂಥ ಹಿಟ್ಟು. ಕೊನೆಗೆ ಕೆರೆಯುವ ತಗಡನ್ನು ಕೈಗೆತ್ತಿಕೊಂಡವನು ಹೊಸ್ತಿಲ ಹತ್ತಿರವೇ ನಿಂತುಬಿಟ್ಟ.

"ಒಂದು ಮಾತು ಕೇಳಬೇಕ್ರಿ. ಮನ್ಯಾಗ ಬಸುರಿ ಹೆಂಗಸ್ರು ಯಾರಾದ್ರೂ ಅದಾರೇನ್ರಿ? ಇದ್ರ ನಾ ಗ್ವಾಡಿ ಕೆರಿಯಂಗಿಲ್ಲ. ಕೈ ಮುಗಿದು ವಾಪಸ್ ಹೋಗ್ತೀನಿ. ನಮ್ಮ ಕಡೆ ಪದ್ಧತಿ."

ಇವರು ನಕ್ಕು, "ಏ, ಯಾರೂ ಇಲ್ಲೋ ಮಾರಾಯ, ಶುರು ಮಾಡು" ಎಂದರು. ಆದರೆ ಆ ಪುಣ್ಯಾತ್ಮ ಗಂಡಸಿನ ಮಾತನ್ನು ಲೆಕ್ಕಕ್ಕೆ ಹಿಡಿಯದೆ ನನ್ನ ಮುಖವನ್ನೇ ನೋಡುತ್ತ ನಿಂತ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಅವರಿಗೆ ಹಳೆಯದೆಲ್ಲ ನೆನಪಾಗಿರಬೇಕು ಎಂದುಕೊಂಡೆ.

"ಇಲ್ಲ," ಎಂದೆ.

ಎಷ್ಟು ಸಣ್ಣ ಮಾತು. ಹೇಳಿದ ಕೂಡಲೇ ಹೊಟ್ಟೆಯಲ್ಲಿದ್ದದ್ದು ಅದನ್ನು ಕೇಳಿಸಿಕೊಂಡಿತೇನೋ ಎಂದು ಭಯವಾಯಿತು. ಇಂಥ ಭಯ ನಾಚಿಕೆಗೇಡು ಎಂದೂ ಅನ್ನಿಸಿತು. ಮೊಳೆಯನ್ನು ನಂಬದವಳು ಮಾತನ್ನು ಯಾಕೆ ನಂಬಬೇಕು?

ಕೆರೆಯುವ ಸದ್ದು ಶುರುವಾಯಿತು. ಕರಕರ, ಕರಕರ. ಪಕ್ಕದ ಶೆಡ್ಡಿನ ತಗಡು ಒತ್ತುವ ಪ್ರೆಸ್ಸಿನ ಸದ್ದಿನ ಜೊತೆಗೆ ಬದುಕಿ ನನಗೆ ಅಭ್ಯಾಸವಿತ್ತು, ಇದು ಮಾತ್ರ ಹಲ್ಲಿನ ಬುಡಕ್ಕೇ ಇಳಿಯುತ್ತಿತ್ತು. ಸಾಮಾನುಗಳೆಲ್ಲ ನಡುಮನೆಯಲ್ಲಿ ಗುಡ್ಡೆ ಬಿದ್ದಿದ್ದವು. ಬೀರು, ಮಂಚ, ಟಿ.ವಿ., ತೂಗುಹಾಕದೆ ಉಳಿದ ಮದುವೆಯ ಫೋಟೊ, ಎಲ್ಲದರ ಮೇಲೆ ಒಂದು ಹಳೇ ಟಾರ್ಪಾಲು. ಅತ್ತೆ ಲಿಂಗಪೂಜೆಗೆ ಕೂರಲು ಜಾಗವಿಲ್ಲದೆ ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ವಿಭೂತಿ ಹಚ್ಚಿಕೊಂಡು ಕೂತರು. ನಾನು ಒಂದು ಕಡೆ ಕೂರಲಾರೆ, ನಿಲ್ಲಲಾರೆ. ಕಿಟಕಿ ತೆಗೆಯುತ್ತಿದ್ದೆ, ಕಾರ್ಖಾನೆಯ ಎಣ್ಣೆಯ ವಾಸನೆ ಬಂದರೆ ಮುಚ್ಚುತ್ತಿದ್ದೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡಿ ಬರುತ್ತಿದ್ದೆ. ಯಾರಾದರೂ ಏನಾದರೂ ಕೇಳಿದರೆ ಹರಿಹಾಯುತ್ತಿದ್ದೆ.

ಬಣ್ಣದ ವಾಸನೆ ಆಗದ ನನಗೆ ಸುಣ್ಣದ ವಾಸನೆ ಮಾತ್ರ ಪ್ರಾಣ ಹೋಗುವಷ್ಟು ಬೇಕೆನ್ನಿಸುತ್ತಿತ್ತು. ಶಾಲೆಯಲ್ಲಿ ಸೀಮೆಸುಣ್ಣದ ತುಂಡುಗಳು ನನ್ನ ಪರ್ಸಿಗೆ ಸೇರುತ್ತಿದ್ದದ್ದು ಬರೆಯುವುದಕ್ಕಲ್ಲ. ಇಲ್ಲಿ ನೋಡಿದರೆ ಕೋಣೆ ತುಂಬ ಉದುರಿದ ಸುಣ್ಣದ ಹಕ್ಕಳೆ, ಮೇಲೆ ಆಳುಗಳು ನೀರು ಚಿಮುಕಿಸಿದ್ದರಿಂದ ಹಸಿ ಗೋಡೆಯ ಘಮ. ಅವರು ಊಟಕ್ಕೆ ಹೋದಾಗ ನಾನು ಮಲಗುವ ಕೋಣೆಗೆ ನುಗ್ಗಿ, ಕಿಟಕಿಯ ಕೆಳಗಿನ ಒಂದು ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿತು. ಇನ್ನೊಂದು ಹಾಕಿಕೊಂಡೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ.

"ಬಾಯಿ ಒರಸಿಕೋ, ಸುಣ್ಣ ಹತ್ತೈತಿ," ಎಂದರು.

"ಎಲ್ಲಾ ಕಡೆ ಧೂಳು. ಉದುರಿದ್ದೆಲ್ಲ ಮೈಮೇಲೇ," ಎಂದೆ.

"ಹೂಂ, ಧೂಳು ಭಾಳ ಆಗೇತಿ," ಎಂದು ಹೋದರು.

ಮರುದಿನ ಭರಮಪ್ಪ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಳುಗಳೂ ಇಲ್ಲ. ಏಣಿ ಮಾತ್ರ ನಡುಮನೆಯ ಗೋಡೆಗೆ ಒರಗಿಕೊಂಡು, ಮನೆಯ ಇನ್ನೊಬ್ಬ ಸದಸ್ಯನಾಗಿ ನಿಂತಿತ್ತು. ಬೆಂಗಳೂರಿನ ಕಾಂಟ್ರಾಕ್ಟರುಗಳ ಈ ಚಾಳಿ ಯಾರಿಗೆ ಗೊತ್ತಿಲ್ಲ? ಒಂದು ಮನೆಯಲ್ಲಿ ಗೋಡೆ ಕೆರೆದು ಏಣಿ ಬಿಟ್ಟು, ಇನ್ನೊಂದು ಮನೆಯ ಗೋಡೆ ಕೆರೆಯಲು ಹೋಗುತ್ತಾರೆ. ಕೆರೆದ ಗೋಡೆಯವರು ಬೇರೆ ಯಾರನ್ನೂ ಕರೆಯುವ ಹಾಗಿಲ್ಲ. ಅರ್ಧ ಕ್ಷೌರ ಮಾಡಿಸಿಕೊಂಡವನ ಪಾಡು ನಮ್ಮದಾಯಿತು. ಮಲಗುವ ಕೋಣೆಯ ಗೋಡೆಗಳು ಪೂರ್ತಿ ಸಿಪ್ಪೆ ಸುಲಿದಿದ್ದವು. ನಡುಮನೆಯ ಒಂದು ಗೋಡೆಯಲ್ಲಿ ಸುಣ್ಣ ಅಲ್ಲಲ್ಲಿ ಉಳಿದು ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು.

ಪಕ್ಕದ ಮನೆಯ ಅಶ್ವತ್ಥಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿದರು. ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವರ ಮನೆಯವರ ರಾಗಿ ಹೊಲ. ನಮ್ಮ ಸೈಟೂ ಅವರಿಂದಲೇ ಕೊಂಡದ್ದು. ಈಗಲೂ ಹಿತ್ತಲಲ್ಲಿ ಎರಡು ಹಸು ಕಟ್ಟಿಕೊಂಡು, ಮೇಲೆ ಬಾಡಿಗೆಯವರನ್ನು ಇಟ್ಟುಕೊಂಡಿದ್ದರು.

"ಯಾರವ್ವಾ, ಆ ಭರಮಪ್ಪನಾ? ನಮ್ ಮೇಲಿನ ಮನೆಗೂ ಬಣ್ಣ ಒಡ್ದೋನು ಅವ್ನೇಯ. ಒಳ್ಳೆಯೋನು ಕಣವ್ವ, ನಮ್ ಮಾಗಡಿ ಕಡೆಯೋನು."

"ಮಾಗಡಿಯವನಾ?"

"ಊಂ ಮತ್ತೆ, ನಂತಾವ ಅಂಗೇ ಏಳಿದ್ದು."

ನಾನು ಒಳಗೆ ಬಂದು ಇವರ ಮುಂದೆ ನಿಂತೆ. "ನಿಮ್ಮ ಬ್ಯಾಡಗಿಯವನು ಪಕ್ಕದ ಮನೆಯಲ್ಲಿ ಮಾಗಡಿಯವನಂತೆ" ಎಂದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, "ಮಾಗಡಿಯಾಗ ಹೆಂಡತಿ ಮನಿ ಇರಬೇಕು" ಎಂದರು. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ?

ವಿಚಿತ್ರವೆಂದರೆ ಅತ್ತೆಗೆ ಸಿಟ್ಟೇ ಬರಲಿಲ್ಲ. ಒಂದು ಕಡ್ಲೆ ಕಡಿಮೆ ಕೊಟ್ಟ ಅಂಗಡಿಯವನನ್ನೂ ಬಿಡದ ಹೆಂಗಸು, ಮನೆಯನ್ನು ಈ ಗತಿ ಮಾಡಿ ಓಡಿಹೋದವನ ಬಗ್ಗೆ "ಬಂದಾನು ಬಿಡು, ಅವಗೂ ನಾಕು ಕೆಲಸ ಇರ್ತಾವ" ಎಂದುಕೊಂಡು ಕೂತರು. ಅದರ ಮೇಲೆ ಅವರಿಗೊಂದು ಹೊಸ ತಲೆನೋವು ಹುಟ್ಟಿಕೊಂಡಿತು. ಸುಣ್ಣದ ಧೂಳಿಗೆ ತಲೆ ಸಿಡಿಯುತ್ತದೆ, ಅಶ್ವತ್ಥಮ್ಮನ ಮನೆಯಲ್ಲಿ ಮಲಗುತ್ತೇನೆ, ಒಬ್ಬಳೇ ಹೋಗಲಾರೆ, ನಿವೇದಿತಾ ಜೊತೆಗೆ ಬರಲಿ ಎಂದರು. ಸ್ವಂತ ಮಗಳನ್ನು ಕರೆಯದೆ ನನ್ನನ್ನು ಕರೆದದ್ದು ಯಾಕೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಹಸುವಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಧೂಳಿಲ್ಲದ ಗಾಳಿಯಲ್ಲಿ ನಾನು ಹೊರಳದೆ ನಿದ್ದೆ ಮಾಡಿದೆ. ತಲೆನೋವಿನವರು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೂತು ನನ್ನನ್ನೇ ನೋಡುತ್ತಿದ್ದರು.

ನಿಶ್ಚಿತಾರ್ಥ ಹತ್ತಿರ ಬಂದ ಹಾಗೆ ರಕ್ಷಿತಾ ಅಳತೊಡಗಿದಳು. "ಅವರು ಈ ಮನಿಗೆ ಬಂದು ಏನಂತ ತಿಳಕೋತಾರ? ಯವ್ವಾ, ನೀನರ ಅಣ್ಣಗ ಹೇಳು. ಬ್ಯಾರೆಯವರನ್ನ ಕರಸು." ಅತ್ತೆ ಅವಳ ತಲೆ ಸವರಿದರೇ ಹೊರತು ಹೂಂ ಎನ್ನಲಿಲ್ಲ. ಇವರು ಇನ್ನೊಬ್ಬ ಪೇಂಟರನ್ನು ಕರೆತರುತ್ತೇನೆ ಎಂದು ಹೊರಟಾಗ, "ಒಬ್ಬ ಹಿಡಿದ ಕೆಲಸಕ್ಕ ಇನ್ನೊಬ್ಬ ಕೈ ಹಾಕೂದು ಚಲೋ ಅಲ್ಲ" ಎಂದು ತಡೆದರು. ಪೇಂಟಿಗೂ ಸಂಪ್ರದಾಯವುಂಟೆ ಎಂದು ನನಗೆ ಮೈಯೆಲ್ಲ ಉರಿಯಿತು. ನನಗೆ ಬೇಕಾಗಿದ್ದದ್ದು ಒಂದೇ. ಬಣ್ಣ ಹೊಡೆಯುವುದಾದರೆ ಬೇಗ ಹೊಡೆದು ಮುಗಿಸಲಿ, ಇಲ್ಲವಾದರೆ ಏಣಿ ಎತ್ತಿಕೊಂಡು ಹೋಗಲಿ. ನಾನು ಒಂದೊಂದು ಬೆಳಿಗ್ಗೆಯೂ ಎದ್ದು ಈ ಕೆರೆದ ಗೋಡೆಗಳ ನಡುವೆ ಬಂದು, ಬಚ್ಚಲಿಗೆ ಹೋಗಿ, ಸೀರೆಗೆ ಕಲೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಉಸಿರು ಬಿಡುತ್ತಿದ್ದೆ. ಗೋಡೆ ಕಂಡರೆ "ಇಲ್ಲ" ಎಂದದ್ದು ನೆನಪಾಗುತ್ತಿತ್ತು.

ತಡೆಯಲಾಗದೆ ಒಂದು ದಿನ ಶಾಲೆಯಿಂದ ನೇರವಾಗಿ ಭರಮಪ್ಪನನ್ನು ಹುಡುಕಿಕೊಂಡು ಹೊರಟೆ. ಪೇಂಟ್ ಅಂಗಡಿಯವನು ನಾಗಸಂದ್ರದ ಒಂದು ವಿಳಾಸ ಹೇಳಿದ. ತುಮಕೂರು ರಸ್ತೆಯ ಲಾರಿಗಳ ಹೊಗೆ ಕುಡಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು ಹೋದೆ. ಒಂದು ಹೊಸ ಮನೆಯ ಒಳಗಿನಿಂದ ಅವನ ದನಿ ಕೇಳಿಸಿತು. ಮನೆಯೊಡತಿಗೆ ತೆಲುಗು ಬೆರೆಸಿ ಹೇಳುತ್ತಿದ್ದ, "ಮಾದಿ ಮುಳಬಾಗಿಲು ಕಣಮ್ಮಾ, ಮನವಾಳ್ಳು, ನಮ್ಮೋರು ಅಂತ ನಿಮಗೆ ಸ್ಪೆಷಲ್ ಕೆಲಸ ಮಾಡಿಕೊಡ್ತೀನಿ."

"ಮುಳಬಾಗಿಲಾ?" ಎಂದೆ ಹಿಂದಿನಿಂದ. "ನಿನ್ನೆ ಮಾಗಡಿ, ಮೊನ್ನೆ ಬ್ಯಾಡಗಿ. ನಾಳೆ ಯಾವ ಊರು ಭರಮಪ್ಪ?"

ಅವನು ಬ್ರಷ್ ಹಿಡಿದುಕೊಂಡೇ ತಿರುಗಿದ. ನಾನು ಬಿಡಲಿಲ್ಲ. ಹೈಸ್ಕೂಲು ಹುಡುಗರನ್ನು ಬೈದು ಪಳಗಿದ ನಾಲಿಗೆ ನನ್ನದು. ಮಾತು ಕೊಟ್ಟು ಕೈ ಎತ್ತಿದವನು, ಮದುವೆಯಾಗುವ ಹುಡುಗಿಗೆ ಕಣ್ಣೀರು ಹಾಕಿಸಿದವನು, ನಿನ್ನಂಥವರನ್ನು ಮನೆಯೊಳಗೆ ಬಿಟ್ಟ ನಮ್ಮ ಬುದ್ಧಿಗೆ ಏನು ಹೇಳಬೇಕು, ಎಂದೆಲ್ಲ ಬಾಯಿಗೆ ಬಂದಂತೆ ಆಡಿದೆ. ಎಲ್ಲದಕ್ಕೂ ಉತ್ತರವಿರುವ ಮನುಷ್ಯ ಅವತ್ತು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡ.

"ಬಯ್ರಿ ಮೇಡಂ. ತಪ್ಪು ನಂದೇ. ಆಳುಗಳು ಸಿಕ್ಕಿಲ್ಲ, ಪೇಂಟು ಶಾರ್ಟೇಜು. ಬರ್ತೀನಿ, ಖಂಡಿತ ಬರ್ತೀನಿ."

"ಯಾವತ್ತು?"

"ಬರ್ತೀನಿ ಮೇಡಂ. ನೀವು ಮೊದಲು ಹೊರಗೆ ಬನ್ನಿ, ಇಲ್ಲಿ ಟರ್ಪೆಂಟೈನ್ ವಾಸನೆ." ಒಂದು ಸ್ಟೂಲು ತಂದು ಅಂಗಳದ ನೆರಳಲ್ಲಿ ಹಾಕಿದ, ಒರೆಸಿದ, ಕೂತ್ಕೊಳ್ಳಿ ಎಂದ. ಆಳಿಗೆ ಹೇಳಿ ಎಳನೀರು ತರಿಸಿದ. ನನ್ನ ಮನೆ ಹಾಳು ಮಾಡಿ ನನಗೇ ಸ್ಟೂಲು ಕೊಡುತ್ತಾನಲ್ಲ ಎಂದು ಸಿಟ್ಟು ಇನ್ನೂ ಏರಿತು. ಎಳನೀರು ಮಾತ್ರ ಕುಡಿದೆ. ಬೇಕಾಗಿತ್ತು. ಕುಡಿದು, ಅವನನ್ನು ಇನ್ನೊಂದು ಸುತ್ತು ಬೈದು, ಬಸ್ಸು ಹತ್ತಿದೆ.

ಅವನು ಬರಲಿಲ್ಲ. ನಿಶ್ಚಿತಾರ್ಥದ ಹಿಂದಿನ ದಿನ ಬಂತು. ಟಾರ್ಪಾಲು ತೆಗೆದು ಸಾಮಾನುಗಳನ್ನು ಹೇಗೋ ಗೋಡೆಗಳಿಗೆ ತಳ್ಳಿದೆವು. ನಡುಮನೆಯ ಆ ತೊನ್ನು ಗೋಡೆಯನ್ನು ಏನು ಮಾಡುವುದು? ಅತ್ತೆಯೇ ಉಪಾಯ ತೆಗೆದರು. ಟ್ರಂಕಿನಿಂದ ತಮ್ಮ ಇಳಕಲ್ ಸೀರೆಗಳನ್ನು ಹೊರತೆಗೆದು, ಇವನ್ನು ಪರದೆಯ ಹಾಗೆ ಇಳಿಬಿಡಿ ಎಂದರು. ಕೆಂಪು ಸೆರಗಿನವು, ಅವರ ಮದುವೆಯ ಕಾಲದವು. ರಕ್ಷಿತಾ ಕಣ್ಣೊರೆಸಿಕೊಂಡು ನೆರಿಗೆ ಹಿಡಿಯಲು ಕೂತಳು. ಇವರು ಉತ್ಸಾಹದಿಂದ ಏಣಿ ಹತ್ತಿ, ಬಾಯಲ್ಲಿ ನಾಲ್ಕಾರು ಮೊಳೆ ಕಚ್ಚಿಕೊಂಡು, ಒಂದನ್ನು ಗೋಡೆಗಿಟ್ಟು ಸುತ್ತಿಗೆ ಎತ್ತಿದರು.

"ಏ!" ಎಂದು ಅತ್ತೆ ಕೂಗಿದ ಕೂಗಿಗೆ ಆಚೆ ಅಶ್ವತ್ಥಮ್ಮನ ಹಸುವೂ ಅಂಬಾ ಎಂದಿತು. ಮಂಡಿನೋವಿನ ಹೆಂಗಸು ಏಣಿಯ ಎರಡು ಮೆಟ್ಟಿಲು ಹತ್ತಿ ಮಗನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು.

"ಮೊಳಿ ಬ್ಯಾಡ."

"ಮತ್ತ ಸೀರಿ ಹೆಂಗ ನಿಲ್ತಾವ್ ಯವ್ವಾ?"

"ಹಗ್ಗ ಕಟ್ಟು. ಕಿಟಕಿ ಸರಳಿಗೊಂದು, ಬಾಗಿಲ ಚಿಲಕಕ್ಕೊಂದು. ಮೊಳಿ ಬ್ಯಾಡ ಅಂದೆ."

ಇವರಿಗೆ ಏನೂ ಹೊಳೆಯಲಿಲ್ಲ, ಹಗ್ಗ ಹುಡುಕಲು ಹೋದರು. ನಾನು ಮಾತ್ರ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಹಿಡಿದುಕೊಂಡು ನಿಂತ ಜಾಗದಲ್ಲೇ ನಿಂತೆ. ಸುಣ್ಣ ಒರೆಸಿಕೋ ಎಂದದ್ದು, ತಲೆನೋವು, ಅಶ್ವತ್ಥಮ್ಮನ ಮನೆಯ ನಿದ್ದೆ, ನಾಗಸಂದ್ರದ ಆ ಸ್ಟೂಲು, ಎಲ್ಲ ಒಟ್ಟಿಗೆ ಬಂದು ನನ್ನೆದುರು ನಿಂತವು. ಇಷ್ಟು ದಿನ ಊರಿಗೆಲ್ಲ ಕೂಗಾಡಿದ ನಾನು ಎಂಥ ಪೆದ್ದಿ!

ಅತ್ತೆ ಸುತ್ತಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿದ್ದರು. ಹಿಂದೆಯೇ ಹೋದೆ. ಅದನ್ನು ನೀರೊಲೆಯ ಸೌದೆಯ ಕೆಳಗೆ ಬಚ್ಚಿಡುತ್ತಿದ್ದರು.

"ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?"

"ಏನು ಗೊತ್ತು? ನನಗೇನೂ ಗೊತ್ತಿಲ್ಲ." ಅವರು ತಿರುಗಲಿಲ್ಲ. "ನೀನೂ ಹೇಳಬ್ಯಾಡ. ಬಾಯಿ ಬಿಟ್ಟು ಹೇಳಬ್ಯಾಡ."

"ಭರಮಪ್ಪನಿಗೆ ನೀವೇ..."

"ನಿನ್ನ ಬಾಯಾಗ ಸುಣ್ಣ ಕಂಡ ದಿನಾನ ಅವಗ ಬರಬ್ಯಾಡ ಅಂದೆ. ಯಾರು ಕೇಳಿದ್ರೂ ನಿನ್ನ ಮ್ಯಾಲೆ ಹಾಕ್ಕೋ, ಬೈದ್ರ ಬೈಸಿಕೋ, ನನ್ನ ಹೆಸರು ತರಬ್ಯಾಡ ಅಂದೆ. ಹೂಂ ಅಂದ. ಯಾವ ಊರವನರ ಇರಲಿ, ಅಷ್ಟು ಮಾತು ಉಳಿಸ್ಯಾನ."

"ನಾನು ಅವತ್ತು ಇಲ್ಲ ಅಂದೆ ಅತ್ತೆ. ಅವನು ಕೇಳಿದಾಗ. ಬಾಯಿ ತುಂಬ ಇಲ್ಲ ಅಂದೆ."

ಈಗ ತಿರುಗಿದರು. ಅವರ ಕಣ್ಣು ತುಂಬಿತ್ತು. "ನೀ ಇಲ್ಲ ಅಂದದ್ದ ಚಲೋ ಆತು. ಮೊದಲನೇದು ನಾ ಊರಿಗೆಲ್ಲ ಸಕ್ಕರಿ ಹಂಚಿ, ಹೇಳಿ ಹೇಳಿ ಕಳಕೊಂಡೆ. ಮೊಳಿ ಮ್ಯಾಲೆ ಹಾಕಿದೆ, ಮಗನ ಮ್ಯಾಲೆ ಹಾಕಿದೆ. ಎರಡನೇದಕ್ಕ ನಿನಗ ಏನರ ಅನ್ನಬೇಕಂದ್ರ ಬಾಯಿ ಬರಲಿಲ್ಲ. ಈ ಸಲ ಯಾರೂ ಹೇಳೂದು ಬ್ಯಾಡವ್ವಾ. ದೇವರಿಗೂ ಹೇಳಿಲ್ಲ ನಾ."

ಎರಡು ವರ್ಷದಿಂದ ಆ ಸುಮ್ಮನಿರುವಿಕೆಯನ್ನು ನಾನು ದೂರು ಎಂದುಕೊಂಡಿದ್ದೆ. ಅಲ್ಲಿಯೇ, ಸೌದೆಯ ಪಕ್ಕ ಕೂತು ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಒಂದು ಬಿಳಿಯ ಹಕ್ಕಳೆ ತೆಗೆದು ನನ್ನ ಅಂಗೈಗಿಟ್ಟರು.

"ಇದೊಂದ ತುಣುಕು. ಇನ್ನ ಗ್ವಾಡಿ ತಿನ್ನಬ್ಯಾಡ, ಹೊಟ್ಟಿಗೆ ಒಳ್ಳೇದಲ್ಲ."

ಮರುದಿನ ರಾಜಾಜಿನಗರದವರು ಬಂದರು. ಇಳಕಲ್ ಸೀರೆಗಳ ಮುಂದೆ ರಕ್ಷಿತಾ ಕೂತಳು. ಗಂಡಿನ ಸೋದರತ್ತೆಯೊಬ್ಬರು ಒಂದು ಸೀರೆಯನ್ನು ಸರಿಸಿ ನೋಡಿ, ಹಿಂದಿನ ಗೋಡೆಯನ್ನು ಕಂಡು, ಹುಬ್ಬು ಏರಿಸಿದರು. "ಏನ್ ಮಾಡೋದ್ರಿ," ಎಂದರು ಅತ್ತೆ, "ಕಾಂಟ್ರಾಕ್ಟರ್ ಕೈ ಕೊಟ್ಟ. ಭಾಳ ಕೆಟ್ಟ ಮನುಷ್ಯಾ." ಸುಳ್ಳನ್ನು ಅಷ್ಟು ನಿರಾಳವಾಗಿ ಹೇಳುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ರಕ್ಷಿತಾ ಮಾತ್ರ ತಲೆ ಎತ್ತಲಿಲ್ಲ. ಅವಳಿಗೆ ಯಾವಾಗಲಾದರೂ ಹೇಳಬೇಕು ಎಂದುಕೊಂಡೆ.

ಗೋಡೆಗಳು ಹಾಗೆಯೇ ಉಳಿದವು. ಮೂರು ತಿಂಗಳು ತುಂಬಿತು. ಇವರಿಗೆ ಹೇಳಿದೆ. ಎಸ್‌ಟಿಡಿ ಬೂತಿಗೆ ಓಡಿದವರು ಸಪ್ಪೆ ಮುಖ ಹಾಕಿಕೊಂಡು ಬಂದು, "ಯವ್ವಗ ಹೇಳಿದ್ರ, ಹಂಗೇನು ಅಂತ ಫೋನ್ ಇಟ್ಟಳು" ಎಂದರು. ಬ್ಯಾಡಗಿಯಲ್ಲಿ ಯಾರಿಗೂ ಸಕ್ಕರೆ ಸಿಗಲಿಲ್ಲ. ನಮ್ಮ ಮನೆಗೆ ಬಂದವರೆಲ್ಲ ಗೋಡೆ ನೋಡಿ ಪೇಂಟರುಗಳಿಗೆ ಶಾಪ ಹಾಕಿದರು, ತಮತಮಗೆ ಗೊತ್ತಿದ್ದ ಕಾಂಟ್ರಾಕ್ಟರುಗಳ ಹೆಸರು ಹೇಳಿದರು. ನಾನು ಕೆರೆದ ಗೋಡೆಗೆ ಬೆನ್ನು ಕೊಟ್ಟು ಕೂತು ಹೂಂಗುಟ್ಟಿದೆ. ತಿಪಟೂರಿನ ತವರುಮನೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು.

ಮಗುವನ್ನು ಎತ್ತಿಕೊಂಡು ಪೀಣ್ಯಕ್ಕೆ ಮರಳುವ ಹೊತ್ತಿಗೆ ಮತ್ತೆ ಸಂಕ್ರಾಂತಿ ಕಳೆದಿತ್ತು. ಅತ್ತೆ ಬ್ಯಾಡಗಿಯಿಂದ ಮೊದಲೇ ಬಂದು ಕಾದಿದ್ದರು. ಮರುದಿನ ಬೆಳಿಗ್ಗೆ ಬಾಗಿಲ ಬಳಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಯಾರು ಹೇಳಿ ಕಳಿಸಿದರೆಂದು ನಾನು ಕೇಳಲಿಲ್ಲ.

"ಬಾರೋ ಕಳ್ಳಾ," ಎಂದು ಇವರು ಎದ್ದರು. "ನಮ್ಮ ಕಡಿಯವ ಅಂತ ಸುಮ್ಮನ ಬಿಟ್ಟೀನಿ ನಿನ್ನ."

ಭರಮಪ್ಪ ಒಂದು ಕಣ್ಣು ನನ್ನ ಕಡೆ ಹಾಯಿಸಿದ. ಮುಳಬಾಗಿಲಿನ ಸುದ್ದಿ ನಾನು ಎತ್ತಲಿಲ್ಲ. "ಒಳಗೆ ಬಾ, ಮೊದಲು ಕಾಫಿ ಕುಡಿ" ಎಂದೆ. ನಾನೇ ಕುರ್ಚಿ ಎಳೆದು ಹಾಕಿದೆ. ಅವನು ಕೂರಲಿಲ್ಲ, ಒಳಗೂ ಬರಲಿಲ್ಲ. ಕೆರೆಯುವ ತಗಡನ್ನು ಕೈಯಲ್ಲಿ ಹಿಡಿದುಕೊಂಡು, ಹೊಸ್ತಿಲ ಆಚೆ ನಿಂತು, ಒಂದು ವರ್ಷದ ಹಿಂದೆ ಕೇಳಿದ್ದನ್ನೇ ಅಷ್ಟೇ ಗಂಭೀರವಾಗಿ ಕೇಳಿದ.

"ಮನ್ಯಾಗ ಬಸುರಿ ಹೆಂಗಸ್ರು ಯಾರಾದ್ರೂ ಅದಾರೇನ್ರಿ?"

ಅತ್ತೆ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಆಮೇಲೆ ಕಾಂಪೌಂಡಿನ ಆಚೆ ಅಶ್ವತ್ಥಮ್ಮನಿಗೆ, ಅದರಾಚೆಯ ಪ್ರೆಸ್ಸಿನವರಿಗೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ಈಗ ಯಾರೂ ಇಲ್ಲಪಾ. ಕೆರಿ ನೀನು. ಆದ್ರ ಮೆಲ್ಲಕ ಕೆರಿ, ನನ್ನ ಮೊಮ್ಮಗಳು ಮಲಗ್ಯಾಳ."